ತಾನಾಗಿ ಬೀಳಬೇಕಾದ ಮರ

“ಗುರುಗಳೇ, ಧ್ಯಾನಕ್ಕೆಂದು ಒಂದು ಸಣ್ಣ ಮರದ ಮನೆ ಕಟ್ಟಬೇಕೆಂದಿದ್ದೇನೆ. ಅದರಿಂದ ಯಾವ ಜೀವಕ್ಕೂ ನೋವಾಗಬಾರದು. ಹೇಗೆ ಕಟ್ಟಲಿ?” ಎಂದು ಶಿಷ್ಯ ಕೇಳಿದ.

ಕೇಳಿ ಸುಮ್ಮನಿರಲಿಲ್ಲ. ಮಠದ ಅಂಗಳದ ಮಣ್ಣಿನಲ್ಲಿ ಕಡ್ಡಿಯಿಂದ ಗೆರೆ ಎಳೆದು ತೋರಿಸಿದ. ಇಲ್ಲಿ ಬಾಗಿಲು, ಇಲ್ಲಿ ಕಿಟಕಿ, ಇಲ್ಲಿ ಕೂರುವ ಮಣೆ. ಮಠದೊಳಗೆ ಕೂತರೆ ಮನಸ್ಸು ನಿಲ್ಲುವುದಿಲ್ಲ ಎಂದ. ದಾಸೋಹದ ಪಾತ್ರೆಗಳ ಸದ್ದು, ಪಾಠದ ಮಕ್ಕಳ ಸದ್ದು, ಬಂದುಹೋಗುವ ಭಕ್ತರ ಸದ್ದು. ಪಕ್ಕದ ಕೋಣೆಯ ಹಿರಿಯ ಸ್ವಾಮಿಗಳಂತೂ ತಮ್ಮಷ್ಟಕ್ಕೆ ತಾವೇ ಗಟ್ಟಿಯಾಗಿ ಮಾತಾಡಿಕೊಳ್ಳುತ್ತಾರೆ, ಅವರಿಗೆ ಕಿವಿ ಕೇಳುವುದಿಲ್ಲ, ಹೇಳಿ ಪ್ರಯೋಜನವಿಲ್ಲ ಎಂದ.

ಗುರುಗಳು ಗೆರೆಗಳನ್ನು ಬಹಳ ಹೊತ್ತು ನೋಡಿದರು. ಕಿಟಕಿ ಸರಿಯಾದ ಕಡೆಗೆ ಬಂದಿದೆ ಎಂದರು. ಗಾಳಿ ಯಾವ ದಿಕ್ಕಿನಿಂದ ಬೀಸುತ್ತದೆಂದು ಯೋಚಿಸಿದ್ದೀಯಾ ಎಂದು ಕೇಳಿದರು. ಯೋಚಿಸಿದ್ದೇನೆ ಎಂದಾಗ ಮೆಚ್ಚಿಕೊಂಡರು. ಆ ಶಿಷ್ಯನೆಂದರೆ ಅವರಿಗೆ ಅಕ್ಕರೆ. ಅವನ ಗೆರೆಗಳನ್ನು ತುಳಿಯದಂತೆ ಸುತ್ತು ಹಾಕಿ ಬಂದು ಕಟ್ಟೆಯ ಮೇಲೆ ಕೂತರು. ಆಮೇಲೆ ಈ ಕತೆ ಹೇಳಿದರು.

ಬಯಲುಸೀಮೆಯ ಒಂದು ಪೇಟೆಯಲ್ಲಿ ಒಬ್ಬ ಹತ್ತಿ ವರ್ತಕನಿದ್ದ. ಹತ್ತಿಯ ವ್ಯಾಪಾರವೆಂದರೆ ಕೂಗಾಟದ ವ್ಯಾಪಾರ. ಹರಾಜಿನಲ್ಲಿ ಯಾರ ದನಿ ದೊಡ್ಡದೋ ಮಾಲು ಅವನದು. ಈ ವರ್ತಕನ ದನಿ ಎಲ್ಲರಿಗಿಂತ ದೊಡ್ಡದು. ಹೀಗೆ ಕೂಗಿ ಕೂಗಿಯೇ ಅವನು ಮನೆ ಕಟ್ಟಿದ, ಮಕ್ಕಳ ಮದುವೆ ಮಾಡಿದ, ತಲೆ ನರೆಸಿಕೊಂಡ. ಒಂದು ದಿನ ಊಟಕ್ಕೆ ಕೂತಾಗ ಹೆಂಡತಿ ಅನ್ನ ಬೇಕೇ ಎಂದು ಮೆಲ್ಲಗೆ ಕೇಳಿದಳು. ಬೇಡ ಎನ್ನುವುದನ್ನೂ ಅವನು ಹರಾಜಿನ ದನಿಯಲ್ಲೇ ಹೇಳಿದ. ಹೇಳಿದ ಮೇಲೆ ಅವನಿಗೇ ನಾಚಿಕೆಯಾಯಿತು. ಕೈತೊಳೆದು ಎದ್ದವನು ಅಂಗಡಿಯನ್ನು ಮಕ್ಕಳಿಗೆ ಒಪ್ಪಿಸಿದ. ಇನ್ನು ಉಳಿದ ಆಯುಷ್ಯವನ್ನು ಮೌನದಲ್ಲಿ ಕಳೆಯುತ್ತೇನೆ ಎಂದ.

ಪೇಟೆಯಿಂದ ಆಚೆ, ಹಳ್ಳದ ದಂಡೆಯ ಹತ್ತಿರ ಅವನಿಗೆ ಒಂದು ತುಂಡು ಜಮೀನಿತ್ತು. ಅಲ್ಲಿ ಒಂದು ಸಣ್ಣ ಮನೆ ಕಟ್ಟಿಸಬೇಕೆಂದುಕೊಂಡ. ಒಬ್ಬ ಕೂತರೆ ತುಂಬುವಷ್ಟು ಮನೆ. ನಿನ್ನ ಹಾಗೆ ಅವನಿಗೂ ಒಳ್ಳೆಯ ವಿಚಾರಗಳಿದ್ದವು. ಹಸಿ ಮರ ಕಡಿಯಬಾರದು, ತಾನಾಗಿ ಬಿದ್ದ ಮರದಿಂದಲೇ ಆಗಬೇಕು. ಕಬ್ಬಿಣದ ಮೊಳೆ ಬೇಡ, ಬಿದಿರಿನ ಗೂಟ ಸಾಕು. ತಳಪಾಯವೆಂದು ನೆಲ ಅಗೆಯಬಾರದು, ನಾಲ್ಕು ಮೂಲೆಗೆ ಕಲ್ಲು ಇಟ್ಟು ಅದರ ಮೇಲೆ ಕಂಬ ನಿಲ್ಲಿಸಬೇಕು. ಮೇಲೆ ಹುಲ್ಲಿನ ಹೊದಿಕೆ. ತಾನು ಹೋದ ಮೇಲೆ ಮನೆಯೂ ಮಣ್ಣಾಗಿ ಹೋಗಬೇಕು, ನೆಲದ ಮೇಲೆ ಒಂದು ಗಾಯವೂ ಉಳಿಯಬಾರದು. ನಾನು ಹಾಸ್ಯ ಮಾಡುತ್ತಿಲ್ಲ. ಇಂಥ ವಿಚಾರ ಎಲ್ಲರಿಗೂ ಬರುವುದಿಲ್ಲ.

ಒಬ್ಬ ಬಡಿಗನನ್ನು ಕರೆಸಿದ. ಬಡಿಗ ತಾಳ್ಮೆಯ ಮನುಷ್ಯ. ವರ್ತಕ ದಿನಕ್ಕೊಂದು ಸಲ ಬಾಗಿಲಿನ ದಿಕ್ಕು ಬದಲಿಸಿದರೂ ಬೇಸರಪಡಲಿಲ್ಲ. ಮೂಲೆಗಲ್ಲು ಬಂದವು, ಬಿದಿರು ಬಂತು, ಹುಲ್ಲಿನ ಹೊರೆ ಬಂತು. ಕಲ್ಲು ಅಗತ್ಯಕ್ಕಿಂತ ಹೆಚ್ಚೇ ಬಂದವು, ಯಾಕೆಂದರೆ ವರ್ತಕನಿಗೆ ಯಾವ ಕಲ್ಲೂ ಒಂದೇ ಸಲಕ್ಕೆ ಒಪ್ಪಿಗೆಯಾಗುತ್ತಿರಲಿಲ್ಲ. ಎಲ್ಲವೂ ಬಂತು, ಮರವೊಂದು ಬರಲಿಲ್ಲ. ಬಿದ್ದ ಮರ ಬೇಕೆಂದರೆ ಮರ ಬೀಳಬೇಕಲ್ಲ.

ಬಡಿಗನೇ ಒಂದು ದಾರಿ ತೋರಿಸಿದ. ಪಕ್ಕದ ಹೊಲದಲ್ಲಿ, ಸರಿಯಾಗಿ ಹಳ್ಳದ ಅಂಚಿನಲ್ಲಿ ಒಂದು ಹಳೆಯ ಬೇವಿನ ಮರವಿತ್ತು. ಪ್ರತಿ ಮಳೆಗಾಲದ ನೀರು ದಂಡೆಯನ್ನು ಕೊರೆದು ಕೊರೆದು ಅದರ ಅರ್ಧ ಬೇರು ಹೊರಬಿದ್ದಿತ್ತು. ಮರ ಹಳ್ಳದ ಕಡೆಗೆ ವಾಲಿತ್ತು. ಕಾಂಡ ಗಟ್ಟಿಯಿದೆ, ಹುಳು ಹಿಡಿಯದ ಜಾತಿ, ಇದೊಂದು ಬಿದ್ದರೆ ಇಡೀ ಮನೆ ಆಗುತ್ತದೆ ಎಂದು ಬಡಿಗ ಹೇಳಿದ. ಮುಂದಿನ ದೊಡ್ಡ ನೀರಿಗೆ ಇದು ಉಳಿಯುವುದಿಲ್ಲ ಎಂದೂ ಹೇಳಿದ.

ಹೊಲ ಕಾಶವ್ವ ಎಂಬ ಮುದುಕಿಯದು. ಊರಲ್ಲಿ ಮಗಳು, ಅಳಿಯ, ಮೊಮ್ಮಕ್ಕಳ ತುಂಬು ಸಂಸಾರವಿದ್ದರೂ ಹಗಲೆಲ್ಲ ಅವಳಿಗೆ ಹೊಲವೇ ಮನೆ. ಬೆಳೆಯಿದ್ದಾಗ ಅಟ್ಟಣೆಯ ಮೇಲೆ ನಿಂತು ಹಕ್ಕಿಗಳನ್ನು ಕೂಗಿ ಓಡಿಸುತ್ತಿದ್ದಳು, ತಗಡಿನ ಡಬ್ಬಿ ಬಾರಿಸುತ್ತಿದ್ದಳು. ಬೆಳೆಯಿಲ್ಲದಾಗ ಮೇಕೆಗಳನ್ನು ಬೈಯುತ್ತಿದ್ದಳು. ಎರಡೂ ಇಲ್ಲದಾಗ ದಾರಿಯಲ್ಲಿ ಹೋಗುವವರನ್ನು ನಿಲ್ಲಿಸಿ ಮಾತಾಡಿಸುತ್ತಿದ್ದಳು. ಅವಳ ದನಿಯ ಮುಂದೆ ವರ್ತಕನ ಹರಾಜಿನ ದನಿ ಏನೂ ಅಲ್ಲ. ಮೌನದ ಮನೆಗೆ ಇಂಥ ನೆರೆಯವಳು ಸಿಕ್ಕಳಲ್ಲ ಎಂದು ಅವನು ಹಣೆ ಚಚ್ಚಿಕೊಂಡಿದ್ದ.

ವರ್ತಕ ಹೋಗಿ ಮರ ಕೇಳಿದ.

“ನಿಂತದ್ದು ಕೊಡಂಗಿಲ್ರಿ ಸಾವ್ಕಾರ್ರ,” ಎಂದಳು ಕಾಶವ್ವ. “ಇದರ ಬುಡದಾಗ ನಮ್ಮತ್ತಿ ಮಲಗ್ಯಾಳ, ನನ್ನ ಗಂಡ ಮಲಗ್ಯಾನ. ಬಿದ್ದ ದಿನ ಬಂದು ಒಯ್ರಿ. ನಾನೂ ಅದೂ ಇಬ್ಬರೂ ದಂಡೀಗೆ ನಿಂತೀವಿ. ಯಾರು ಮದಲ ಹೋಗ್ತೀವಂತ ನೋಡೂಣು.”

ಹೇಳಿ ನಕ್ಕಳು. ಆ ಸೀಮೆಯಲ್ಲಿ ಸತ್ತವರನ್ನು ಅವರವರ ಹೊಲದಲ್ಲೇ ಮಣ್ಣು ಮಾಡುತ್ತಾರೆ. ಅತ್ತೆ ನೆಟ್ಟ ಮರದ ಕೆಳಗೆ ಅತ್ತೆಯನ್ನೂ ಆಮೇಲೆ ಅವಳ ಮಗನನ್ನೂ ಮಣ್ಣು ಮಾಡಿದ್ದರು. ವರ್ತಕನಿಗೂ ನಗು ಬಂತು. ಮಾತು ಒಪ್ಪಿಗೆಯಾಯಿತು. ತಾನು ಕಡಿಯುವುದಿಲ್ಲ, ಅವಳು ಕೊಡುವುದಿಲ್ಲ, ಬಿದ್ದರೆ ತನಗೆ. ಇದಕ್ಕಿಂತ ನಿರ್ದೋಷವಾದ ವ್ಯವಹಾರವನ್ನು ಅವನು ಜನ್ಮದಲ್ಲಿ ಮಾಡಿರಲಿಲ್ಲ.

ಅಂದಿನಿಂದ ಕಾಯತೊಡಗಿದ.

ಪ್ರತಿದಿನ ಬೆಳಗ್ಗೆ ಪೇಟೆಯಿಂದ ನಡೆದು ಬರುತ್ತಿದ್ದ. ಕಾಶವ್ವನ ಹೊಲದ ಬದುವಿನಲ್ಲಿ ನಿಂತು, ಆರಾಮ ಅದೀ ಏನವ್ವ ಎಂದು ಕೇಳುತ್ತಿದ್ದ. ಬಾಯಿ ಅವಳನ್ನು ಕೇಳುತ್ತಿತ್ತು, ಕಣ್ಣು ಬೇರಿನ ಕಡೆಗಿರುತ್ತಿತ್ತು. ನಿನ್ನೆಗಿಂತ ಎಷ್ಟು ಮಣ್ಣು ಜಾರಿದೆ, ಎಷ್ಟು ವಾಲಿದೆ ಎಂದು ನೋಡುತ್ತಿದ್ದ. ಅವಳು ಆರಾಮ ಅದೀನಪ್ಪ ಎನ್ನುತ್ತಿದ್ದಳು. ಮರವೂ ಆರಾಮವಾಗಿರುವುದನ್ನು ಕಂಡು ಅವನು ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದ.

ಬಂದವನನ್ನು ಬರಿಹೊಟ್ಟೆಯಲ್ಲಿ ಕಳಿಸುವುದು ಕಾಶವ್ವನ ರೂಢಿಯಲ್ಲ. ಅವಳು ಬುತ್ತಿಯಲ್ಲಿ ಒಂದು ರೊಟ್ಟಿ ಹೆಚ್ಚಿಗೆ ತರತೊಡಗಿದಳು. ಸಜ್ಜೆ ರೊಟ್ಟಿ, ಪುಂಡಿಪಲ್ಯ, ಮೇಲೆ ಒಂದಿಷ್ಟು ಶೇಂಗಾ ಚಟ್ನಿ. ಬೇವಿನ ನೆರಳಲ್ಲಿ ಕೂತು ತಿನ್ನುತ್ತ ಅವನು ಮೇಲೆ ನೋಡಿ ಕಂಬಕ್ಕೆ ಯಾವ ಕೊಂಬೆ, ತೊಲೆಗೆ ಯಾವುದು ಎಂದು ಲೆಕ್ಕ ಹಾಕುತ್ತಿದ್ದ. ಅವಳು ಅತ್ತೆಯ ಕತೆ ಹೇಳುತ್ತಿದ್ದಳು, ಗಂಡನ ಸಿಟ್ಟಿನ ಕತೆ ಹೇಳುತ್ತಿದ್ದಳು. ಸಾವ್ಕಾರ್ರ ಎನ್ನುತ್ತಿದ್ದವಳು ಯಾವಾಗಲೋ ತಮ್ಮಾ ಎನ್ನತೊಡಗಿದಳು. ಅದು ಯಾವತ್ತು ಬದಲಾಯಿತೆಂದು ಅವನು ಗಮನಿಸಲಿಲ್ಲ. ಅವನ ಗಮನ ಬೇರೆಡೆಗಿತ್ತು.

ಒಂದು ಮಳೆಗಾಲ ಬಂದು ಹೋಯಿತು. ಮರ ಬೀಳಲಿಲ್ಲ. ಮರುವರ್ಷ ಮುಂಗಾರಿನ ಬಿರುಗಾಳಿಗೆ ಸುತ್ತಲಿನ ಎಷ್ಟೋ ಮರಗಳು ಉರುಳಿದವು. ಆ ದಿನ ವರ್ತಕ ಪೇಟೆಯಿಂದ ಓಡುವ ಹಾಗೆ ಬಂದ. ದಾರಿಯುದ್ದಕ್ಕೂ ಅವನ ಎದೆ ಹಿಗ್ಗಿತ್ತು. ಬಂದು ನೋಡಿದರೆ ಬೇವು ನಿಂತೇ ಇದೆ, ಅದರ ಪಕ್ಕ ಕಾಶವ್ವನೂ ನಿಂತಿದ್ದಾಳೆ, ಇಬ್ಬರಿಗೂ ಏನೂ ಆಗಿಲ್ಲ. ಅವನಿಗೆ ಸಿಟ್ಟು ಬಂತು. ಕುಳಿತು ರೊಟ್ಟಿ ಮುರಿದ ಮೇಲೆ, ತಾನು ಯಾರ ಮೇಲೆ ಸಿಟ್ಟಾಗಿದ್ದೇನೆ ಎಂಬ ಪ್ರಶ್ನೆ ಬಂತು. ಆ ಪ್ರಶ್ನೆಯನ್ನು ಅವನು ರೊಟ್ಟಿಯ ಜೊತೆಗೇ ನುಂಗಿಬಿಟ್ಟ.

ನೋಡು, ಅವನು ಕೊಡಲಿ ಹಿಡಿಯಲಿಲ್ಲ. ಒಂದು ಎಲೆಯನ್ನೂ ಕಿತ್ತಿರಲಿಲ್ಲ. ಆದರೆ ಬೆಳಗ್ಗೆ ಎದ್ದ ಕೂಡಲೇ ಅವನ ಮನಸ್ಸು ಬೇಡುತ್ತಿದ್ದದ್ದು ಒಂದೇ. ಇನ್ನೊಂದು ವಿಚಾರವೂ ಒಳಗೊಳಗೇ ಸೇರಿಕೊಂಡಿತ್ತು. ಅದನ್ನು ಅವನು ತನಗೆ ತಾನೇ ಹೇಳಿಕೊಂಡಿರಲಿಲ್ಲ. ಮುದುಕಿಯೂ ಹೋದರೆ ಈ ಕಡೆ ನಿಶ್ಶಬ್ದವಾಗುತ್ತದೆ ಎಂಬುದು ಆ ವಿಚಾರ.

ಭಾದ್ರಪದದಲ್ಲಿ ಸಜ್ಜೆ ತೆನೆ ಬಲಿತು ಹಕ್ಕಿಗಳು ಮುತ್ತುವ ಕಾಲ. ಒಂದು ಬೆಳಗ್ಗೆ ವರ್ತಕ ಬಂದಾಗ ಕಾಶವ್ವನ ಹೊಲ ಸದ್ದಿಲ್ಲದೆ ಇತ್ತು. ಅಟ್ಟಣೆ ಖಾಲಿಯಿತ್ತು. ಡಬ್ಬಿ ಮೂಲೆಯಲ್ಲಿ ಬಿದ್ದಿತ್ತು. ಹಕ್ಕಿಗಳೂ ಸದ್ದು ಮಾಡದೆ ತೆನೆ ತಿನ್ನುತ್ತಿದ್ದವು. ಗಾಳಿಯೂ ಇರಲಿಲ್ಲ. ಅವನು ಮನೆ ಕಟ್ಟಲು ಹೊರಟದ್ದು ಯಾವ ಮೌನಕ್ಕೋ ಅದು ಪೂರ್ತಿಯಾಗಿ ಅಲ್ಲಿತ್ತು. ಒಳ್ಳೆಯ ಗಳಿಗೆ ಎಂದುಕೊಂಡು ತನ್ನ ಜಮೀನಿಗೆ ಹೋಗಿ, ಒಂದು ಮೂಲೆಗಲ್ಲಿನ ಮೇಲೆ ಕೂತು ಕಣ್ಣು ಮುಚ್ಚಿದ.

ಕೂರಲು ಆಗಲಿಲ್ಲ. ಮತ್ತೆ ಮತ್ತೆ ಕಣ್ಣು ತೆರೆದು ಅಟ್ಟಣೆಯ ಕಡೆ ನೋಡಿದ. ಸ್ವಲ್ಪ ಹೊತ್ತಿಗೆ ಎದ್ದು ಹೋಗಿ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಡಬ್ಬಿ ಬಾರಿಸಿ ಹಕ್ಕಿಗಳನ್ನು ಓಡಿಸಿದ. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಊರ ದಾರಿ ಹಿಡಿದ. ಅಷ್ಟು ದಿನ ಅವಳ ರೊಟ್ಟಿ ತಿಂದಿದ್ದರೂ ಅವಳ ಮನೆ ಯಾವ ಓಣಿಯಲ್ಲಿದೆ ಎಂದು ಅವನಿಗೆ ಗೊತ್ತಿರಲಿಲ್ಲ. ಕೇಳಿಕೊಂಡು ಹೋಗಬೇಕಾಯಿತು.

ಕಾಶವ್ವ ಮಗಳ ಮನೆಯ ಪಡಸಾಲೆಯಲ್ಲಿ ಕಂಬಳಿ ಹೊದ್ದು ಮಲಗಿದ್ದಳು. ಜ್ವರ ಬಂದು ಇಳಿಯದೆ ನಿಂತಿತ್ತು. ಅವನನ್ನು ಕಂಡೊಡನೆ ತಲೆ ಎತ್ತಿದಳು.

“ಮರ ಬಿತ್ತೇನು ತಮ್ಮಾ?”

ವರ್ತಕ ಅವಳ ಹತ್ತಿರ ಕೂತ. ಇಲ್ಲವ್ವ, ನಿನ್ನ ನೋಡಾಕ ಬಂದೆ ಎಂದ. ಅದು ನಿಜವೇ ಆಗಿತ್ತು. ಆದರೂ ಅವನಿಗೇ ಅದು ಸುಳ್ಳಿನ ಹಾಗೆ ಕೇಳಿಸಿತು.

“ದಿನಾ ನನ್ನ ಆರಾಮ ಕೇಳಿ ಬೇರು ನೋಡ್ತಿದ್ದಿ. ನನಗ ಗೊತ್ತಾಗತಿದ್ದಿಲ್ಲೇನು?” ಎಂದಳು ಕಾಶವ್ವ. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. “ಇರಲಿ. ಬೇರಿನ ಸಲುವಾಗಿ ಆದ್ರೂ ದಿನಾ ಬಂದು ಕೇಳಾಂವ ನೀ ಒಬ್ಬ ಇದ್ದಿ. ನಿನ್ನ ಸಲುವಾಗಿ ನಾನೂ ಎದ್ದು ರೊಟ್ಟಿ ಬಡೀತಿದ್ದೆ. ಒಂದ ಚಿಂತಿ ಐತಿ ನೋಡು. ಆ ಮರ ಬಿದ್ರ ದಂಡಿ ಉಳಿಯಂಗಿಲ್ಲ. ದಂಡಿ ಹೋದ್ರ ನಮ್ಮವರನ್ನ ಹಳ್ಳ ಒಯ್ತೈತಿ. ಆಮ್ಯಾಲ ನಾ ಎಲ್ಲಿ ಮಲಗ್ಲಿ?”

ಇಷ್ಟು ದಿನ ಆ ಬೇರುಗಳನ್ನು ಅವನಷ್ಟು ಹತ್ತಿರದಿಂದ ನೋಡಿದವರು ಯಾರೂ ಇರಲಿಲ್ಲ. ಆ ಬೇರು ಏನನ್ನು ಹಿಡಿದುಕೊಂಡಿದೆ ಎಂಬುದು ಮಾತ್ರ ಅವನಿಗೆ ಕಂಡಿರಲಿಲ್ಲ. ಅವನು ಕಣ್ಣು ಒರೆಸಿಕೊಂಡ. ಔಷಧಿ ಕೊಟ್ಟಿದ್ದೀರಾ ಎಂದು ಮಗಳನ್ನು ಕೇಳಿದ, ಕೊಟ್ಟಿದ್ದೇವೆ ಎಂದಳು. ಹೊರಗೆ ಬಂದು ನೋಡಿದರೆ ಮೂಡಣ ದಿಕ್ಕಿನಲ್ಲಿ ಮೋಡ ಕಪ್ಪಾಗಿತ್ತು. ಹಳ್ಳಕ್ಕೆ ನೀರು ಬರುವುದು ಆ ಕಡೆಯಿಂದಲೇ.

ವರ್ತಕ ನೇರ ಪೇಟೆಗೆ ಹೋದ. ಅಂಗಡಿಯಲ್ಲಿ ಹತ್ತಿಯ ಮೂಟೆ ಹೊರುತ್ತಿದ್ದ ಹಮಾಲರನ್ನೆಲ್ಲ ಕರೆದುಕೊಂಡು ಹೊರಟ. ಅಪ್ಪನಿಗೆ ಏನೋ ಆಗಿದೆ ಎಂದು ಮಕ್ಕಳು ಮುಖ ಮುಖ ನೋಡಿಕೊಂಡರು. ದಾರಿಯಲ್ಲಿ ಬಡಿಗನನ್ನೂ ಕೂಡಿಸಿಕೊಂಡ. ಮೌನದ ಮನೆಗೆಂದು ಆರಿಸಿ ಆರಿಸಿ ತಂದ ಕಲ್ಲುಗಳನ್ನೆಲ್ಲ ಹಳ್ಳದ ದಂಡೆಗೆ ಸಾಗಿಸಿದರು. ಬೇರಿನ ಕೆಳಗೆ ಒಂದರ ಮೇಲೊಂದು ಕಲ್ಲು ಇಟ್ಟು ಗೋಡೆ ಕಟ್ಟಿದರು, ಸಂದಿಗೆ ಮಣ್ಣು ತುಂಬಿ ತುಳಿದರು. ಬಿದಿರನ್ನು ಕಟ್ಟಿ ವಾಲಿದ ಮರಕ್ಕೆ ಆಸರೆಯಾಗಿ ಊರೆ ಕೊಟ್ಟರು. ಕೊಚ್ಚಿಹೋಗದಂತೆ ಹುಲ್ಲಿನ ಹೊರೆಗಳನ್ನು ಬುಡಕ್ಕೆ ಒತ್ತಿದರು. ಮನೆಯ ಸಾಮಾನಿನಲ್ಲಿ ಏನೂ ಉಳಿಯಲಿಲ್ಲ. ಮನೆ ಆಗದಿರಲೆಂದು ಇಷ್ಟು ಬೆವರು ಸುರಿಸಿದವರನ್ನು ಎಲ್ಲೂ ಕಂಡಿಲ್ಲ ಎಂದು ಬಡಿಗ ಗೊಣಗಿದ. ಗೊಣಗುತ್ತಲೇ ಎಲ್ಲರಿಗಿಂತ ಹೆಚ್ಚು ದುಡಿದ.

ವರ್ತಕ ದಂಡೆಯ ಮೇಲೆ ನಿಂತು ಕೂಗುತ್ತಿದ್ದ. ಆ ಕಲ್ಲು ಇಲ್ಲಿ, ಈ ಕಲ್ಲು ಅಲ್ಲಿ, ಎತ್ತಿರಿ, ಒತ್ತಿರಿ. ಮೌನದ ವ್ರತವೆಂದು ಇಷ್ಟು ದಿನ ಗಂಟಲಲ್ಲಿ ಇಟ್ಟುಕೊಂಡಿದ್ದ ಹರಾಜಿನ ದನಿಯೆಲ್ಲ ಅವತ್ತು ಹೊರಗೆ ಬಂತು. ಮಗಳ ಮನೆಯಲ್ಲಿ ಮಲಗಿದ್ದ ಕಾಶವ್ವನಿಗೂ ಅದು ಕೇಳಿಸಿತಂತೆ. ಹಕ್ಕಿ ಕಾಯಲು ಯಾರೋ ಒಳ್ಳೆಯ ಆಳು ಸಿಕ್ಕಿದ್ದಾನೆ ಎಂದಳಂತೆ.

ಸಂಜೆಯ ಮುಂಚೆ ಹಳ್ಳಕ್ಕೆ ನೀರು ಬಂತು. ಕೆಂಪು ನೀರು ದಂಡೆಯಿಂದ ದಂಡೆಗೆ ತುಂಬಿ ಹರಿಯಿತು. ಹೊಸ ಗೋಡೆಯ ಎರಡು ಮೂಲೆ ಕಿತ್ತು ಹೋದವು. ವರ್ತಕ ಮರಕ್ಕೆ ಕೈ ಕೊಟ್ಟು ನಿಂತ. ಒಬ್ಬ ಮುದುಕ ಕೈ ಕೊಟ್ಟರೆ ಮರ ನಿಲ್ಲುವುದಿಲ್ಲ, ಅದು ಅವನಿಗೂ ಗೊತ್ತಿತ್ತು. ಆದರೂ ಕೈ ತೆಗೆಯಲಿಲ್ಲ. ಬೀಳಬೇಡವೋ ಎಂದು ಬೇಡಿಕೊಂಡ. ನೀರು ಇಳಿದಾಗ ಮರ ಇತ್ತು, ದಂಡೆ ಇತ್ತು. ಹಮಾಲರು ಅವನ ಕೈ ಬಿಡಿಸಿ ಮನೆಗೆ ಕರೆದೊಯ್ದರು.

ಕಾಶವ್ವನ ಜ್ವರ ಇಳಿಯಿತು. ನಡೆಯುವ ಶಕ್ತಿ ಬಂದ ಕೂಡಲೇ, ಮಗಳು ಬೇಡವೆಂದರೂ ಕೇಳದೆ ಹೊಲಕ್ಕೆ ಬಂದಳು. ಗೋಡೆ ನೋಡಿದಳು, ಊರೆ ನೋಡಿದಳು. ಹಮಾಲರು ತುಳಿದ ಸಜ್ಜೆಯ ಸಾಲಿಗಾಗಿ ವರ್ತಕನನ್ನು ಚೆನ್ನಾಗಿ ಬೈದಳು. ಅವನು ಬೈಸಿಕೊಳ್ಳುತ್ತ ನಿಂತ. ಬೈಗುಳ ಮುಗಿದ ಮೇಲೆ ರೊಟ್ಟಿ ಬಿಚ್ಚಿದಳು.

ಮನೆಯ ಸಾಮಾನು ಹೋಗಿತ್ತು. ವರ್ತಕ ಮತ್ತೆ ತರಿಸಲಿಲ್ಲ. ಬೆಳಗ್ಗೆ ಬಂದು ಅವಳ ಆರಾಮ ಕೇಳಿ, ಆ ಬೇವಿನ ಕೆಳಗೇ ಕೂರುತ್ತಿದ್ದ. ಕಾಶವ್ವ ಅಟ್ಟಣೆಯ ಮೇಲಿಂದ ಕೂಗುತ್ತಿದ್ದಳು, ಡಬ್ಬಿ ಬಾರಿಸುತ್ತಿದ್ದಳು. ಮೊದಮೊದಲು ಪ್ರತಿ ಕೂಗಿಗೂ ಅವನು ಬೆಚ್ಚುತ್ತಿದ್ದ. ಬರಬರುತ್ತ ಬೆಚ್ಚುವುದು ನಿಂತಿತು.

ಒಂದು ದಿನ ಅವನು ಹಾಗೆ ಕೂತಿದ್ದಾಗ ಕಾಶವ್ವನಿಗೆ ಬಾಯಾರಿಕೆಯಾಯಿತು. ಕೂಗುವುದನ್ನು ನಿಲ್ಲಿಸಿ ಕೆಳಗಿಳಿದು, ಬಿಂದಿಗೆ ಎತ್ತಿ ನೀರು ಕುಡಿದಳು. ಆಗ ವರ್ತಕ ಥಟ್ಟನೆ ಕಣ್ಣು ತೆರೆದ. ಎಷ್ಟು ಹೊತ್ತಿನಿಂದ ಮನಸ್ಸು ಅಲುಗದೆ ಕೂತಿದ್ದೆ ಎಂಬುದು ಅವನಿಗೆ ಆಗ ತಿಳಿಯಿತು. ಅವಳ ಕೂಗಿನಲ್ಲಿ ಅಲುಗದವನನ್ನು ಅವಳ ಸದ್ದಿಲ್ಲದಿರುವುದು ಎಬ್ಬಿಸಿತ್ತು. ಗಾಬರಿಯಿಂದ ಅಟ್ಟಣೆಯ ಕಡೆ ತಿರುಗಿದ. ಅವಳು ನೀರು ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು, ಮತ್ತೆ ಮೇಲೆ ಹತ್ತಿ ಕೂಗಿದಳು. ಆಗ ಅವನಿಗೆ ಜೀವ ಬಂದ ಹಾಗಾಯಿತು. ಮತ್ತೆ ಕಣ್ಣು ಮುಚ್ಚಿದ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಶಿಷ್ಯ ಅಂಗಳದಲ್ಲಿ ತಾನು ಎಳೆದ ಗೆರೆಗಳ ಪಕ್ಕ ಕಡ್ಡಿ ಹಿಡಿದೇ ಕೂತಿದ್ದ. ಕತೆ ಅವನಿಗೆ ಇಷ್ಟವಾಗಿತ್ತು, ಆದರೆ ಮುಖ ಬಾಡಿತ್ತು. ಹಾಗಾದರೆ ನಾನು ಮನೆ ಕಟ್ಟಲೇಬಾರದೇ ಎಂದು ಕೇಳಿದ.

ಒಳಗೆ ಹಿರಿಯ ಸ್ವಾಮಿಗಳು ತಮ್ಮಷ್ಟಕ್ಕೆ ತಾವೇ ಗಟ್ಟಿಯಾಗಿ ಮಾತಾಡಿಕೊಳ್ಳುತ್ತಿದ್ದರು. ಗುರುಗಳು ಅವನ ತಲೆಯ ಮೇಲೆ ಕೈಯಿಟ್ಟರು.

“ಕಟ್ಟು ಮಗು, ಆದರೆ ಯಾರು ಸುಮ್ಮನಾಗಲೆಂದು ನೀನು ಕಾಯುತ್ತಿದ್ದೀ ಎಂಬುದನ್ನು ಮೊದಲು ಹೇಳು.”